ಏಳದ ಪಂಕ್ತಿ

ಟಣ್, ಟಣ್, ಟಣ್. ಹಿತ್ತಾಳೆ ಬಕೀಟಿನ ಅಂಚಿಗೆ ಸೌಟು ಬಡಿಯುವ ಸದ್ದು ಅದು. ನಾನು ಚಿಕ್ಕವಳಿದ್ದಾಗ, ಅಂದರೆ ಎಂಟು ವರ್ಷದವಳಿದ್ದಾಗ, ಬೆಂಗಳೂರಿನ ಒಂದು ಇಕ್ಕಟ್ಟಾದ ಮೆಸ್ಸಿನಲ್ಲಿ ಆ ಸದ್ದು ನನ್ನ ಕಡೆಗೆ ಬಂದಂತೆಲ್ಲ ಎದೆ ಡವಗುಟ್ಟುತ್ತಿತ್ತು. ಗುಡುಗಿಗೆ ಹೆದರುವವರಿದ್ದಾರೆ, ನಾಯಿ ಬೊಗಳಿದರೆ ಹೆದರುವವರಿದ್ದಾರೆ. ಸಾರಿನ ಬಕೀಟಿಗೆ ಹೆದರಿದವಳು ಬಹುಶಃ ನಾನೊಬ್ಬಳೇ. ಸಿಲ್ಲಿ ಅನ್ನಿಸುತ್ತದೆ, ಅಲ್ಲವೇ? ಪೂರ್ತಿ ಕೇಳಿ, ಆಮೇಲೆ ನಗಿ.

ಮೊನ್ನೆ ಊಟದ ಟೇಬಲ್ಲಿನಲ್ಲಿ ನಿಮ್ಮಲ್ಲೊಬ್ಬರು ಕೇಳಿದಿರಿ, ಅಜ್ಜಿ ತನ್ನ ತಟ್ಟೆ ಖಾಲಿಯಾಗಿ ಅರ್ಧ ಗಂಟೆಯಾದರೂ ಯಾಕೆ ಕೈ ಒಣಗಿಸಿಕೊಂಡು ಕೂತಿರುತ್ತಾಳೆ ಅಂತ. ಅದಕ್ಕೆ ಉತ್ತರ ಮಧುರೆಯಲ್ಲಿದೆ. ದೊಡ್ಡಬಳ್ಳಾಪುರದ ಹತ್ತಿರದ ಆ ಹಳ್ಳಿಯೇ ನಮ್ಮೂರು. ರಾಗಿ, ಅವರೆ ಬೆಳೆಯುವ ಸಂಸಾರ ನಮ್ಮದು. ನಮ್ಮ ಕಡೆ ಮದುವೆಯೋ ನಾಮಕರಣವೋ ಆದರೆ ಜನ ಸಾಲಾಗಿ ಚಾಪೆಯ ಮೇಲೆ ಕೂತು ಎಲೆಯಲ್ಲಿ ಉಣ್ಣುತ್ತಿದ್ದರು. ಆ ಸಾಲಿಗೆ ಪಂಕ್ತಿ ಎನ್ನುತ್ತಾರೆ. ಪಂಕ್ತಿಯಲ್ಲಿ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ಸಾಲಿನ ತುದಿಯ ಮುದುಕನ ಎಲೆಯಲ್ಲಿ ಒಂದು ತುತ್ತು ಮಿಕ್ಕಿದ್ದರೂ ಉಳಿದವರೆಲ್ಲ ಕೈ ಒಣಗಿಸಿಕೊಂಡು ಕಾಯಬೇಕು. ನಡುವೆ ಎದ್ದರೆ ಪಕ್ಕದವರಿಗೆ ಅವಮಾನ. ಎದ್ದವರಿಗೂ ಆ ಹೊತ್ತಿನ ಊಟ ಮುಗಿದಂತೆಯೇ, ಮತ್ತೆ ಅದೇ ಎಲೆಗೆ ಕೂರುವಂತಿಲ್ಲ. ತಡವಾಗಿ ಬಂದವರೂ ಅಷ್ಟೆ, ಉಣ್ಣುವವರ ಮುಂದೆ ಹಾದುಹೋಗಬಾರದು, ಇಣುಕಿಯೂ ನೋಡಬಾರದು. ಪಂಕ್ತಿ ಏಳುವವರೆಗೆ ಹೊರಗೆ ಜಗಲಿಯ ಮೇಲೆ ಕೂತಿರಬೇಕು. ನನಗೆ ಅಕ್ಷರ ಕಲಿಸುವ ಮೊದಲೇ ಇದನ್ನು ಕಲಿಸಿದ್ದರು.

ಅದು ಯುದ್ಧದ ಕಾಲ. ದೊಡ್ಡಬಳ್ಳಾಪುರದ ಕಚೇರಿಗಳಲ್ಲಿ ಒಂದು ಇಂಗ್ಲಿಷ್ ಕಾಗದವನ್ನು ಓದಿಸಿಕೊಳ್ಳಲು ಮೂರು ದಿನ ಅಲೆದ ಮೇಲೆ ಅಪ್ಪನಿಗೆ ಒಂದು ಹಠ ಹಿಡಿದಿತ್ತು. ಮಕ್ಕಳಲ್ಲಿ ಒಬ್ಬರಾದರೂ ಇಂಗ್ಲಿಷ್ ಓದಬೇಕು. ಅಕ್ಕನಿಗೆ ವಯಸ್ಸು ಮೀರಿತ್ತು. ಉಳಿದವಳು ನಾನು. ಬೆಂಗಳೂರಿನ ಕಾನ್ವೆಂಟಿಗೆ ಹೋಗಿ ವಿಚಾರಿಸಿಕೊಂಡು ಬರೋಣ ಎಂದು ಅಪ್ಪ ಹೊರಟ. ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತೇನೆ ಎಂದು ಆಸೆ ಹುಟ್ಟಿಸಿದ್ದ. ಮಸಾಲೆ ದೋಸೆಯನ್ನು ನಾನು ಕಂಡಿರಲಿಲ್ಲ. ಅದರೊಳಗೆ ಪಲ್ಯ ಹೇಗೆ ಹೋಗುತ್ತದೆ ಎಂದು ಒಂದು ವಾರ ಯೋಚಿಸಿದ್ದೆ.

ಹೊರಡುವ ಬೆಳಿಗ್ಗೆ ಅಕ್ಕ ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ ಉಸುರಿದಳು. "ಅಲ್ಲಿ ಬಿಳೀ ಬಟ್ಟೆ ಅಮ್ಮಂದ್ರು ಇರ್ತಾರಂತೆ ಕಣೇ. ನೀನು ಹೊಟ್ಟೆ ತುಂಬಾ ತಿಂತಾ ಇರೋವಾಗ ಅಪ್ಪ ಮೆಲ್ಲಗೆ ಎದ್ದು ಬಂದ್ಬಿಡ್ತಾನೆ. ಕರೂಗೆ ಹಸಿಹುಲ್ಲು ಹಾಕಿ ಹಸೂನ ಹೊಡ್ಕೊಂಡು ಹೋಗಲ್ವಾ, ಹಂಗೆ."

ತಮಾಷೆಗೆ ಹೇಳಿದ ಮಾತು. ಆದರೆ ನಾನು ನಂಬಿಬಿಟ್ಟೆ.

ಆಗ ಪೆಟ್ರೋಲ್ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ. ಏರು ಬಂದರೆ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು, ಡ್ರೈವರ್ ಇಳಿದು ಕಬ್ಬಿಣದ ಸಲಾಕಿಯಿಂದ ಕೆಂಡ ಕೆದಕುತ್ತಿದ್ದ. ಬೆಂಗಳೂರು ತಲಪುವಷ್ಟರಲ್ಲಿ ಅಮ್ಮ ಒಗೆದು ಕೊಟ್ಟಿದ್ದ ನನ್ನ ಲಂಗದ ಮೇಲೆಲ್ಲ ಕಪ್ಪು ಚುಕ್ಕೆ. ದಂಡಿನ, ಅಂದರೆ ಕಂಟೋನ್ಮೆಂಟಿನ, ಬೀದಿಗಳಲ್ಲಿ ಸಾಲು ಸಾಲು ಲಾರಿ, ಲಾರಿಗಳ ತುಂಬ ಕೆಂಪು ಮುಖದ ಸೋಲ್ಜರುಗಳು. ಒಬ್ಬ ನನ್ನತ್ತ ಕೈ ಬೀಸಿದ. ನಾನು ಅಪ್ಪನ ಪಂಚೆಯೊಳಗೆ ಮುಖ ಹುದುಗಿಸಿದೆ.

ಕಾನ್ವೆಂಟಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಪಾಲಿಶಿನ ವಾಸನೆ, ಎಲ್ಲೋ ಒಳಗೆ ಪಿಯಾನೋ, ಮಾತೇ ಇಲ್ಲದ ಉದ್ದನೆಯ ವರಾಂಡ. ಬಿಳಿ ಉಡುಪಿನ ಸಿಸ್ಟರ್ ನನ್ನ ಗಲ್ಲ ಮುಟ್ಟಿ ನಕ್ಕರು. ಆಯಾ ಒಬ್ಬಳು ಅವರ ಮಾತನ್ನು ಕನ್ನಡದಲ್ಲಿ ಹೇಳಿದಳು. ಇಂಗ್ಲಿಷಿನಲ್ಲಿ ಬರೆದ ಅಪ್ಲಿಕೇಶನ್ ಬೇಕು, ನಾಲ್ಕು ಗಂಟೆಯೊಳಗೆ ತಂದುಕೊಟ್ಟರೆ ಮಗುವಿನ ಹೆಸರು ಪುಸ್ತಕಕ್ಕೆ ಏರುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ. ಅಕ್ಕ ಹೇಳಿದ ಬಿಳೀ ಬಟ್ಟೆ ಅಮ್ಮ ಇವರೇ ಎಂದು ನನಗೆ ಖಾತ್ರಿಯಾಯಿತು. ಇನ್ನು ಉಳಿದದ್ದು ಹೊಟ್ಟೆ ತುಂಬಾ ತಿನ್ನಿಸುವುದೊಂದೇ.

ಹೊರಗೆ ಬಂದೊಡನೆ ಅಪ್ಪ ಕೇಳಿದ್ದೂ ಅದನ್ನೇ. "ಹಸಿವಾಯ್ತೇನವ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಹೊಟ್ಟೆ ಚುರುಗುಟ್ಟುತ್ತಿತ್ತು.

ಮೊದಲು ಹೋದದ್ದು ದಂಡಿನ ಒಂದು ಭಾರಿ ಹೋಟೆಲಿಗೆ. ಗೋಡೆಯ ತುಂಬ ಕನ್ನಡಿ, ಗಾಜಿನ ಬೀರುವಿನಲ್ಲಿ ಇಟ್ಟಿಗೆಯಂತೆ ಜೋಡಿಸಿದ ಮೈಸೂರು ಪಾಕು, ತುಪ್ಪದಲ್ಲಿ ದೋಸೆ ಬೇಯುವ ಘಮ. ಅಪ್ಪನಿಗೆ ಅಂಕಿ ಓದಲು ಬರುತ್ತಿತ್ತು. ಬೋರ್ಡಿನ ಮುಂದೆ ನಿಂತು ಓದಿದ, ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ. "ಈ ದುಡ್ಡಲ್ಲಿ ನಮ್ಮನೇಲಿ ಎಂಟು ಜನ ಉಣ್ಬೋದಲ್ಲವ್ವಾ" ಎಂದು ನನ್ನ ಕೈ ಹಿಡಿದು ಹೊರಗೆ ನಡೆದ. ಪೇಟೆಯ ಕಡೆ ಬಂದು ಇನ್ನೊಂದು ಹೋಟೆಲ್ ಹೊಕ್ಕೆವು. ಗಲ್ಲಾದ ಮೇಲಿದ್ದವನು ಅಪ್ಪನ ರುಮಾಲು ನೋಡಿ, ಒಳಗಿನ ಕೋಣೆ ಬ್ರಾಹ್ಮಣರಿಗೆ, ನಿಮಗೆ ಹೊರಗಿನ ಜಗಲಿ ಎಂದು ಬೆರಳು ತೋರಿಸಿದ. ಆ ಕಾಲ ಹಾಗಿತ್ತು, ಮಕ್ಕಳೇ. ಅಪ್ಪ ಜಗಲಿಯ ಕಡೆ ತಿರುಗಿದಾಗ ಅವನೇ, "ಅನ್ನ ಮುಗೀತು, ರೇಷನ್ ಅಕ್ಕಿ ಅಷ್ಟೇ ಬಂದಿದ್ದು" ಎಂದ. ಬೀದಿಗೆ ಇಳಿದೆವು. ಬಿಸಿಲು ನೆತ್ತಿಗೆ ಬಂದಿತ್ತು.

ಅಪ್ಪ ಒಬ್ಬ ಜಟಕಾದವನನ್ನು ನಿಲ್ಲಿಸಿ, ಅಗ್ಗವಾಗಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದ.

"ಹೊಟ್ಟೆ ತುಂಬಬೇಕಾ, ಕನ್ನಡಿ ನೋಡ್ಬೇಕಾ?" ಎಂದ ಜಟಕಾದವನು.

"ಹೊಟ್ಟೆ ತುಂಬಿದ್ರೆ ಸಾಕಪ್ಪಾ."

"ಹಂಗಾದ್ರೆ ಅವ್ವನ ಮೆಸ್ಸಿಗೆ ಹೋಗಿ. ಎದುರುಗಡೆ ಗಲ್ಲಿ, ಬಾಗ್ಲಿಗೆ ಗೋಣಿತಾಟು ಕಟ್ಟೈತೆ. ನಮ್ಮ ಜಟಕಾದೋರೆಲ್ಲ ಅಲ್ಲೇ ಉಣ್ಣೋದು. ಕುದ್ರೆ ಒಂದನ್ನ ಒಳಗೆ ಬಿಡಲ್ಲ ಅಷ್ಟೇ."

ಗೋಣಿತಾಟು ಸರಿಸಿ ಒಳಗೆ ಕಾಲಿಟ್ಟರೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಉದ್ದನೆಯ ಕೋಣೆ ಕಂಡಿತು. ನಡುವೆ ಉದ್ದಕ್ಕೂ ಚಾಪೆ ಹಾಸಿ ಇಪ್ಪತ್ತು ಜನ ಗಂಡಸರು ಕೂತು ಮುದ್ದೆ ನುಂಗುತ್ತಿದ್ದರು. ಬೀದಿಯ ಕಡೆಗೆ ಎತ್ತರದಲ್ಲಿ ಒಂದು ಕಂಬಿ ಕಿಟಕಿ. ಒಳಗಿನ ಒಲೆಯಿಂದ ಹುರುಳಿ ಸಾರಿನ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ನಮ್ಮ ಮನೆಯದೇ ವಾಸನೆ ಅದು. ಒಂದು ಕ್ಷಣ ಧೈರ್ಯ ಬಂತು.

ಆದರೆ ಖಾಲಿ ಇದ್ದದ್ದು ಒಂದೇ ಜಾಗ. ಅರ್ಜಿ ಬರೆಯುವವನು ಎರಡು ಬೀದಿ ಆಚೆ ಮರದ ಕೆಳಗೆ ಕೂರುತ್ತಾನೆಂದೂ, ಒಂದು ಗಂಟೆಗೆ ಎದ್ದುಹೋದರೆ ಮತ್ತೆ ಸಿಗುವುದಿಲ್ಲವೆಂದೂ ಅಪ್ಪ ದಾರಿಯಲ್ಲೇ ವಿಚಾರಿಸಿಕೊಂಡಿದ್ದ. ಒಂದು ಗಳಿಗೆ ಯೋಚಿಸಿ, ಪಂಕ್ತಿ ಈಗಷ್ಟೇ ಕೂತಿದೆ ಎಂದುಕೊಂಡು ನನ್ನನ್ನು ಆ ಜಾಗದಲ್ಲಿ ಕೂರಿಸಿದ. ಹಣ ಕಟ್ಟಿ ಬಂದು ನನ್ನ ತಲೆ ಸವರಿದ.

"ನೀನು ಉಣ್ತಾ ಇರವ್ವಾ. ಪಂಕ್ತಿ ಏಳೋ ಹೊತ್ತಿಗೆ ಬಂದ್ಬಿಡ್ತೀನಿ. ಎಲ್ಲಾ ಏಳೋಗಂಟ ನೀನು ಏಳ್ಬೇಡ, ಆಯ್ತಾ?"

ಗೋಣಿತಾಟು ಅಲುಗಾಡಿತು. ಅಪ್ಪ ಇರಲಿಲ್ಲ.

ನೀನು ತಿಂತಾ ಇರೋವಾಗ ಅಪ್ಪ ಮೆಲ್ಲಗೆ ಎದ್ದು ಬಂದ್ಬಿಡ್ತಾನೆ. ಅಕ್ಕ ಹೇಳಿದ್ದು ಅಕ್ಷರಕ್ಷರ ನಡೆದುಹೋಗಿತ್ತು. ಆದರೂ ನಾನು ಅಳಲಿಲ್ಲ. ಅಪ್ಪ ಸುಳ್ಳು ಹೇಳುವವನಲ್ಲ. ಪಂಕ್ತಿ ಏಳುತ್ತದೆ, ಅಪ್ಪ ಬರುತ್ತಾನೆ. ಪಕ್ಕದಲ್ಲಿ ಬಿಳಿ ಗಡ್ಡದ ತಾತ ಒಬ್ಬ ಉಣ್ಣುತ್ತಿದ್ದ. ಅವನ ಎಲೆ ಮುಗಿಯುತ್ತ ಬಂದದ್ದನ್ನು ನೋಡಿ ನಾನೂ ಬೇಗ ಬೇಗ ನುಂಗಿದೆ. ತಾತ ಎಲೆ ಮಡಿಸಿದ, ಎದ್ದ, ಕೈ ತೊಳೆಯಲು ಹಿತ್ತಿಲ ಕಡೆ ಹೋದ. ಹಾಗೆ ಹೋದವರು ಹಿತ್ತಿಲ ಬಾಗಿಲಿಂದಲೇ ಹಿಂದಿನ ಗಲ್ಲಿಗೆ ಇಳಿದುಬಿಡುತ್ತಿದ್ದರು. ಬೇರೆ ಯಾರೂ ಏಳಲಿಲ್ಲ. ತಾತನ ಜಾಗಕ್ಕೆ ನೀರು ಚಿಮುಕಿಸಿ ಹೊಸ ಎಲೆ ಹಾಕಿದರು. ಇನ್ನೊಬ್ಬ ಬಂದು ಕೂತ. ಆಚೆ ತುದಿಯಲ್ಲಿ ಇಬ್ಬರು ಎದ್ದರು, ಇಬ್ಬರು ಕೂತರು.

ಇವರು ಒಬ್ಬೊಬ್ಬರಾಗಿ ಏಳುತ್ತಾರೆ, ಒಬ್ಬೊಬ್ಬರಾಗಿ ಕೂರುತ್ತಾರೆ. ಈ ಪಂಕ್ತಿಗೆ ಕೊನೆಯೇ ಇಲ್ಲ. ಪಂಕ್ತಿ ಏಳದಿದ್ದರೆ ಅಪ್ಪ ಬರುವುದಿಲ್ಲ.

ಈಗ ಯೋಚಿಸಿದರೆ ಎದ್ದು ಬಾಗಿಲಿಗೆ ಹೋಗಿ ನೋಡಬಹುದಿತ್ತು ಅನ್ನಿಸುತ್ತದೆ. ಆಗ ಅದು ಹೊಳೆಯಲೇ ಇಲ್ಲ. ಏಳಬೇಡ ಎಂದು ಅಪ್ಪ ಹೇಳಿದ್ದ. ಎದ್ದರೆ ಅಪ್ಪನೊಡನೆ ಇದ್ದ ಒಂದೇ ಕರಾರು ಮುರಿದುಹೋಗುತ್ತದೆ. ಹಾಗಾಗಿ ನಾನು ನಿಧಾನಿಸತೊಡಗಿದೆ. ಎಲೆಯಲ್ಲಿ ಊಟ ಇರುವವರೆಗೆ ಕೂರುವ ಹಕ್ಕಿರುತ್ತದೆ ಎಂಬುದು ನನ್ನ ಲೆಕ್ಕ. ಮುದ್ದೆಯ ಕೊನೆಯ ಚೂರನ್ನು ಕಡಲೆಬೀಜದಷ್ಟು ಉಂಡೆಗಳಾಗಿ ಮುರಿದು, ಒಂದೊಂದನ್ನೇ ಸಾರಿನಲ್ಲಿ ಅದ್ದಿ, ನುಂಗದೆ ಕೆನ್ನೆಯೊಳಗೆ ಇಟ್ಟುಕೊಂಡೆ. ಟಣ್, ಟಣ್ ಎಂದು ಬಡಿಸುವ ದಪ್ಪ ಮೀಸೆಯವನು ಬಂದ. "ಇನ್ನೂ ಮುಗೀಲಿಲ್ವಾ?" ಎಂದು ಸಾರು ಸುರಿದು ಹೋದ. ಮತ್ತೆ ಬಂದ, ಮತ್ತೆ ಸುರಿದ. ಮೂರನೆಯ ಸಲ ಸೌಟನ್ನು ಬಕೀಟಿಗೆ ಜೋರಾಗಿ ಬಡಿದು, "ಎಲೆ ಮಡಿಸಮ್ಮಾ, ಜನ ಕಾಯ್ತಾವ್ರೆ" ಎಂದ.

ನಿಜವೇ. ನನ್ನ ಬೆನ್ನ ಹಿಂದೆಯೇ ಜಾಗಕ್ಕಾಗಿ ನಾಲ್ಕೈದು ಜನ ನಿಂತಿದ್ದರು. ಅವರ ಬೆವರಿನ, ಬೀಡಿಯ ವಾಸನೆ ಕುತ್ತಿಗೆಗೆ ತಾಗುತ್ತಿತ್ತು. ಇಡೀ ಕೋಣೆಯಲ್ಲಿ ಉಣ್ಣುವ ಹೆಣ್ಣು ನಾನೊಬ್ಬಳೇ. "ಏನವ್ವಾ, ಮುದ್ದೆ ಜೊತೆ ಮದ್ವೆ ಆಗಿದೀಯಾ?" ಎಂದು ಒಬ್ಬ ರೇಗಿಸಿದ. ಎಲ್ಲರೂ ನಕ್ಕರು. ಮೀಸೆಯವನು ತಾನೇ ಮಡಿಸಲು ಎಲೆಯ ತುದಿಗೆ ಕೈ ಹಾಕಿದ. ನಾನು ಎರಡೂ ಕೈಗಳಿಂದ ಎಲೆಯನ್ನು ನೆಲಕ್ಕೆ ಒತ್ತಿ ಹಿಡಿದೆ. ಅಲ್ಲಿಯವರೆಗೆ ತಡೆದಿದ್ದ ಅಳು, ಕೆನ್ನೆಯಲ್ಲಿದ್ದ ಮುದ್ದೆಯ ಸಮೇತ ಹೊರಗೆ ಬಂತು.

ಆ ಸದ್ದಿಗೆ ಅಡುಗೆ ಮನೆಯಿಂದ ಒಬ್ಬಾಕೆ ಬಂದಳು. ತಲೆಗೆ ಸೆರಗು, ಕೈತುಂಬ ರಾಗಿಹಿಟ್ಟು, ಒಲೆಯ ಕಾವಿಗೆ ಕೆಂಪಗಾದ ದೊಡ್ಡ ಮುಖ. ಮೆಸ್ಸಿನ ಅವ್ವ ಅಂದರೆ ಈಕೆಯೇ. ಮೀಸೆಯವನನ್ನು ಪಕ್ಕಕ್ಕೆ ತಳ್ಳಿ ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಯಾಕವ್ವಾ, ಖಾರ ಆಯ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

"ಜೊತೇಲಿ ಯಾರು ಬಂದೋರು?"

"ಅಪ್ಪ. ಪಂಕ್ತಿ ಏಳೋ ಹೊತ್ತಿಗೆ ಬರ್ತೀನಿ ಅಂದ." ಬಿಕ್ಕುತ್ತ ಬಿಕ್ಕುತ್ತ ಹೇಳಿದೆ. "ಪಂಕ್ತಿ ಏಳ್ತಾನೇ ಇಲ್ಲ."

ಹಿಂದೆ ನಿಂತವರು ಗೊಳ್ಳೆಂದರು. ಅವ್ವನ ತುಟಿಯಲ್ಲೂ ನಗು ಬಂದಿತ್ತು. ಆದರೆ ಅಲ್ಲೇ ನಿಂತುಹೋಯಿತು. "ಯಾವೂರು?" ಎಂದಳು. ಮಧುರೆ ಎಂದೆ. "ಅದಕ್ಕೇ ಮತ್ತೆ. ನಾನು ನೆಲಮಂಗಲದ ಕಡೆಯೋಳು ಕಣವ್ವಾ, ನಮ್ಮಲ್ಲೂ ಹಂಗೇಯ" ಎಂದು ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಇಡೀ ಸಾಲಿಗೆ ಕೇಳುವಂತೆ ಕೂಗಿದಳು.

"ಎಲ್ಲಾ ಒಂದ್ಸಲ ಎದ್ದೇಳ್ರಪ್ಪಾ!"

ಯಾರೂ ಅಲುಗಲಿಲ್ಲ. ಸಾಲಿನ ನಡುವೆ ಕೂತಿದ್ದ ಒಬ್ಬ ಮುದುಕ ಗೊಣಗಿದ. "ಉಣ್ಣೋವಾಗ ಎದ್ರೆ ಮತ್ತೆ ಆ ಎಲೇಗೆ ಕೂರೋ ಹಂಗಿಲ್ಲ ಕಣವ್ವಾ. ಅನ್ನ ಈಗ್ಲೇ ಬಡಿಸವ್ರೆ, ಮುಟ್ಟೂ ಇಲ್ಲ."

"ಹೊಸ ಎಲೆ ಹಾಕಿಸ್ತೀನಿ, ಅನ್ನಾನೂ ಹಾಕಿಸ್ತೀನಿ. ಏಳು ಅಂದ್ನಲ್ಲ!"

ಅದು ಎಂಥ ಮಾತು ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಅಕ್ಕಿಯನ್ನು ಚೀಟಿ ತೋರಿಸಿ ಅಳೆದು ತರುತ್ತಿದ್ದ ದಿನಗಳು ಅವು. ಒಬ್ಬರಿಗೆ ಒಂದೇ ಸೌಟು ಅನ್ನ. ಆದರೂ ಹೇಳಿದಳು. ಮೊದಲು ಮುದುಕನೇ ಮೊಣಕಾಲು ಹಿಡಿದುಕೊಂಡು ಎದ್ದ. ಆಮೇಲೆ ಅವನ ಪಕ್ಕದವನು. ಆಮೇಲೆ ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, ನಗುತ್ತ, ಗೊಣಗುತ್ತ, ಹಮಾಲಿಗಳು, ಜಟಕಾದವರು, ಗಿರಣಿಯವರು, ಇಡೀ ಸಾಲಿಗೆ ಸಾಲೇ ಎದ್ದು ನಿಂತಿತು. ಅವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ನನ್ನ ಕಾಲು ಜೋಮು ಹಿಡಿದಿತ್ತು.

ಗೋಣಿತಾಟು ಸರಿಯಿತು. ಅಪ್ಪ!

ಒಂದು ಕೈಯಲ್ಲಿ ಟೈಪು ಮಾಡಿದ ಕಾಗದ, ಇನ್ನೊಂದರಲ್ಲಿ ರುಮಾಲು. ಮುಖವೆಲ್ಲ ಬೆವರು. ಓಡಿಹೋಗಿ ಅವನ ಕಾಲು ತಬ್ಬಿಕೊಂಡೆ, ಸಾರಿನ ಕೈಯಲ್ಲೇ. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಒಂದು ಗಂಟೆ ಹೊತ್ತಿನಿಂದ ಅವನು ಎದುರಿನ ಜಗಲಿಯ ಮೇಲೆಯೇ ಕೂತಿದ್ದನಂತೆ! ಉಣ್ಣುವವರ ನಡುವೆ ನುಗ್ಗಬಾರದೆಂದು, ಇಣುಕಬಾರದೆಂದು. ಎತ್ತರದ ಕಿಟಕಿಯಲ್ಲಿ ಕೂತವರು ಕಾಣುತ್ತಿರಲಿಲ್ಲ. ಈಗ ಒಮ್ಮೆಗೇ ಅಷ್ಟೂ ತಲೆಗಳು ಕಿಟಕಿಗೆ ಬಂದಾಗ, ಸರಿ, ಪಂಕ್ತಿ ಎದ್ದಿತು ಎಂದುಕೊಂಡು ಒಳಗೆ ಬಂದಿದ್ದ.

"ಒಳಕ್ಕೆ ಹೋಗೋರೇ ಹೊರ್ತು ಹೊರಕ್ಕೆ ಬರೋರೇ ಇಲ್ಲ" ಎಂದು ಅಪ್ಪ ಅವ್ವನಿಗೆ ಹೇಳಿದ. "ಬೆಂಗ್ಳೂರಲ್ಲಿ ಎಂಥಾ ದೊಡ್ಡ ಪಂಕ್ತಿ ಕೂರಿಸ್ತಾರಪ್ಪಾ ಅಂತ ಬೆರಗಾಗಿ ಕೂತಿದ್ದೆ ಕಣವ್ವಾ."

ಕೋಣೆ ನಕ್ಕು ನಕ್ಕು ಸುಸ್ತಾಯಿತು. ಮೀಸೆಯವನು ಬಕೀಟು ಕೆಳಗಿಟ್ಟು ನಕ್ಕ. ಅವ್ವ ಎಲ್ಲರಿಗೂ ಹೊಸ ಎಲೆ ಹಾಕಿಸಿ ಅಪ್ಪನನ್ನು ಮುದುಕನ ಪಕ್ಕ ಕೂರಿಸಿದಳು. "ಬೇಗ ಉಣ್ಣು ಗೌಡಾ, ಬಿಟ್ರೆ ನಿನ್ನ ಮಗಳು ನಮ್ಮನ್ನ ಸಂಜೆಗಂಟ ಕೂರಿಸ್ತಾಳೆ" ಎಂದ ಮುದುಕ. ಹಾಗೆಂದವನೇ, ತನ್ನ ಎಲೆ ಖಾಲಿಯಾದ ಮೇಲೂ ಅಪ್ಪನ ಊಟ ಮುಗಿಯುವವರೆಗೆ ಕೈ ಒಣಗಿಸಿಕೊಂಡು ಕೂತಿದ್ದ. ಹೊರಡುವಾಗ ಅವ್ವ ಒಂದು ಅಚ್ಚು ಬೆಲ್ಲವನ್ನು ನನ್ನ ಅಂಗೈಯಲ್ಲಿಟ್ಟು, "ಓದು ಚೆನ್ನಾಗಿ. ಈ ಕಡೆ ಬಂದಾಗ ಒಂದು ಮಾತಾಡ್ಸು" ಎಂದಳು. ಕಾನ್ವೆಂಟಿಗೆ ಅರ್ಧ ದಾರಿ ಓಡಿಯೇ ಹೋದೆವು. ಆಕ್ಚುಯಲಿ, ನನ್ನ ಅಪ್ಲಿಕೇಶನ್ನಿನ ಮೂಲೆಯಲ್ಲಿ ಹುರುಳಿ ಸಾರಿನ ಕಲೆಯಿತ್ತು. ಸಿಸ್ಟರ್ ಅದನ್ನು ಮೂಸಿ ನೋಡಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು.

ನೀವು ಮೊಬೈಲಿನಲ್ಲಿ ಬೆರಳಾಡಿಸಿದರೆ ದೋಸೆ ಬಾಗಿಲಿಗೆ ಬರುತ್ತದೆ. ತರುವವನು ಯಾವ ತಿರುವಿನಲ್ಲಿದ್ದಾನೆ ಎಂಬುದೂ ಅದರಲ್ಲಿ ಕಾಣುತ್ತದೆ. ಯಾವ ಹೋಟೆಲಿನಲ್ಲಿ ಅಗ್ಗ, ಯಾವುದರಲ್ಲಿ ರುಚಿ ಎಂದು ಜಟಕಾದವನನ್ನು ಕೇಳಬೇಕಾಗಿಲ್ಲ. ಯಾವ ಗಲ್ಲಾದವನೂ ನಿಮಗೆ ಜಗಲಿಯ ಕಡೆ ಬೆರಳು ತೋರಿಸುವುದಿಲ್ಲ, ಅದಕ್ಕೆ ನನಗೆ ಎಷ್ಟು ಸಮಾಧಾನ. ಅಪ್ಪ ಬರುವುದು ಐದು ನಿಮಿಷ ತಡವಾದರೆ ಲೊಕೇಶನ್ ಕಳಿಸು ಅನ್ನುತ್ತೀರಿ. ನಿಮ್ಮಲ್ಲೊಬ್ಬ ರೂಮಿನಲ್ಲಿ ಉಣ್ಣುತ್ತಾನೆ, ಒಬ್ಬಳು ಸೋಫಾದ ಮೇಲೆ, ಯಾರು ಎದ್ದರು ಯಾರು ಕೂತರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ಅನ್ನುತ್ತಿಲ್ಲ. ನನಗೆ ಮಾತ್ರ ಕೊನೆಯವರ ತಟ್ಟೆ ಖಾಲಿಯಾಗುವವರೆಗೆ ಏಳಲು ಆಗುವುದಿಲ್ಲ, ಅಷ್ಟೆ.

ಇನ್ನೊಂದು ಮಾತು ಉಳಿದಿದೆ. ಇದನ್ನು ನಿಮ್ಮ ತಾತನಿಗೂ ಹೇಳಿರಲಿಲ್ಲ.

ಕಾನ್ವೆಂಟಿಗೆ ಸೇರಿ ಐದು ವರ್ಷವಾಗಿತ್ತು. ಒಂದು ಶನಿವಾರ ನಾವು ನಾಲ್ವರು ಹುಡುಗಿಯರು ಸಿಸ್ಟರ್ ಅನುಮತಿ ಪಡೆದು ರಿಬ್ಬನ್ ಕೊಳ್ಳಲು ಪೇಟೆಗೆ ಹೋದೆವು. ಇಸ್ತ್ರಿ ಮಾಡಿದ ಯೂನಿಫಾರ್ಮ್, ಕಾಲಿಗೆ ಬೂಟು, ಬಾಯಲ್ಲಿ ಇಂಗ್ಲಿಷ್. ಹತ್ತಿರದ ದಾರಿಯೆಂದು ಒಬ್ಬಳು ಆ ಗಲ್ಲಿಗೇ ತಿರುಗಿಸಿದಳು. ಗೋಣಿತಾಟಿನ ಬಾಗಿಲ ಮುಂದೆ ಅವ್ವ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ತುಂಬ ಸಣ್ಣಗಾಗಿದ್ದಳು. ತಲೆಯೆತ್ತಿ ನೋಡಿದವಳ ಮುಖ ಅರಳಿತು.

"ಏನವ್ವಾ, ನೀನು ಮಧುರೆ ಗೌಡನ ಮಗಳಲ್ವಾ? ಪಂಕ್ತಿ ಎಬ್ಬಿಸ್ದೋಳು?"

ಗೆಳತಿಯರು ನನ್ನನ್ನೂ ಆಕೆಯನ್ನೂ ನೋಡಿದರು. ಈಕೆ ನಿನಗೆ ಗೊತ್ತಾ ಎಂದು ಒಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಎದೆ ಮತ್ತೆ ಹಾಗೆಯೇ ಡವಗುಟ್ಟಿತು. ಈ ಸಲ ಹೆದರಿದ್ದು ಅವರು ನಗುತ್ತಾರೇನೋ ಎಂದು.

"ನೋ" ಎಂದೆ.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅಷ್ಟು ಇಂಗ್ಲಿಷ್ ಬೆಂಗಳೂರಿನಲ್ಲಿ ಎಲ್ಲರಿಗೂ ಬರುತ್ತಿತ್ತು. "ಓ, ಇರ್ಲಿ ಬಿಡವ್ವಾ. ಕಣ್ಣು ಮಂಜು ನೋಡು, ಹಂಗ್ ಕಾಣ್ತು" ಎಂದು ತಾನೇ ತಪ್ಪು ಮಾಡಿದವಳಂತೆ ಕಾಲು ಮಡಿಸಿಕೊಂಡು, ನಾವು ಹೋಗಲು ದಾರಿ ಬಿಟ್ಟಳು. ಗಲ್ಲಿಯ ತುದಿಯಲ್ಲಿ ನಾನು ತಿರುಗಿ ನೋಡಿದೆ. ಆಕೆ ಮೊರವನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಕಿಯನ್ನು ಬೆರಳಿನಿಂದ ಸರಿಸುತ್ತಿದ್ದಳು. ನಾನು ಅವ್ವನನ್ನು ನೋಡಿದ್ದು ಅದೇ ಕೊನೆ.